ಸರಸಕ್ಕನ ದೊಡ್ಡ ಡಬ್ಬ

ಫೋಂಡಾದ ನಮ್ಮ ಕಾಲನಿಯಲ್ಲಿ ತೋಟದ ಕಸಕ್ಕೆ ಡಬ್ಬ ಹಂಚುವ ಕೆಲಸ ನನ್ನದಾಗಿತ್ತು. ದೊಡ್ಡ ಅಂಗಳಕ್ಕೆ ದೊಡ್ಡ ಡಬ್ಬ, ಸಣ್ಣದಕ್ಕೆ ಸಣ್ಣದು ಎಂದು ನಿಯಮವನ್ನೂ ನಾನೇ ಮಾಡಿದ್ದೆ. ಎಲ್ಲರಿಗಿಂತ ಸಣ್ಣ ಅಂಗಳದ ಸರಸಕ್ಕ ಎಲ್ಲಕ್ಕಿಂತ ದೊಡ್ಡ ಡಬ್ಬದ ಮೇಲೆ ಕೈಯಿಟ್ಟರು.

"ನಿಯಮದ ಪ್ರಕಾರ ಇದು ನಿಮಗ ಬರೂದಿಲ್ರಿ," ಎಂದೆ.

"ಅಂಗಳಾ ಅಳದ್ರಿ, ನನ್ನ ಮಾವಿನ ಗಿಡಾ ಯಾರು ಅಳೀಬೇಕ್ರೀ? ಎಲಿ ತಮ್ಮ ಕಡೆ ಬೀಳ್ತಾವಂತ ಬಾಜೂ ಮನಿಯವ್ರು ಗಿಡಾನ ಕಡಸ್ರಿ ಅನ್ನಾಕತ್ತಾರ. ದಿನಾ ಅವ್ರ ಅಂಗಳಾನೂ ನಾನ ಗುಡಸ್ತೇನಿ ಅಂತ ಹೇಳಿ ಒಪ್ಪಿಸೇನಿ. ಗುಡಿಸಿದ್ದು ನಿಮ್ಮ ನಿಯಮದಾಗ ತುಂಬ್ಲೇನ್ರೀ?"

ಒಂದು ಗಿಡಕ್ಕಾಗಿ ಇನ್ನೊಬ್ಬರ ಅಂಗಳ ಗುಡಿಸಲು ಹೊರಟವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಿಯಮ ತಿದ್ದಿ ಡಬ್ಬ ಕೊಟ್ಟೆ. ಗಿಡ ಉಳಿಯಿತು. ಬಾಜೂ ಮನೆಯವರು ಈಗ ತಮ್ಮ ಕಸವನ್ನೂ ಆ ಡಬ್ಬದಲ್ಲೇ ಹಾಕುತ್ತಾರೆ. ಅದಕ್ಕೂ ಒಂದು ನಿಯಮ ಬರೆಯುತ್ತಿದ್ದೇನೆ.