ಸೀಬೆತೋಟ ಕಡಿಸಿದ ದೊಡ್ಡಮ್ಮ

ಮೊನ್ನೆ ರಾಮನಗರದ ಬಸ್ ನಿಲ್ದಾಣದ ಬಳಿ, ತಳ್ಳುಗಾಡಿಯೊಂದರಿಂದ ಮಾಗಿದ ಸೀಬೆಹಣ್ಣಿನ ವಾಸನೆ ತೇಲಿ ಬಂತು. ಮಾಗಡಿ ಕಡೆಯ ನಮ್ಮೂರಿನ ಆ ಬಾವಿ, ಆ ತೋಟದ ಬೇಲಿ ಕಣ್ಣ ಮುಂದೆ ನಿಂತವು...

ತೋಟ ಪಕ್ಕದ ಮನೆಯ ಹಿರಿಯ ಹೆಂಗಸಿನದು. ರಕ್ತಸಂಬಂಧವಿಲ್ಲದಿದ್ದರೂ ಆಕೆಯನ್ನು ನಾನು ದೊಡ್ಡಮ್ಮ ಎಂದೇ ಕರೆಯುತ್ತಿದ್ದೆ. ಆ ಸೀಬೆಗಿಡಗಳನ್ನು ನೆಟ್ಟವರು ತೀರಿಹೋಗಿದ್ದ ಅವರ ಯಜಮಾನರು.

ರೇಷ್ಮೆ ಊರನ್ನೇ ಎತ್ತಿ ನಿಲ್ಲಿಸಿದ ಕಾಲವದು. ನೀರಿದ್ದ ಹೊಲವೆಲ್ಲ ಹಿಪ್ಪುನೇರಳೆಯಾಯಿತು. ಸೊಪ್ಪು ಕೊಯ್ಯುವ ಹೆಂಗಸರ ಕೂಲಿ ಏರಿತು. ಅಷ್ಟು ಕೂಲಿ ಕೊಡುವ ಶಕ್ತಿ ಸೀಬೆಯ ಆದಾಯಕ್ಕಿರಲಿಲ್ಲ. ಕೀಳುವವರಿಲ್ಲದೆ ಹಣ್ಣು ಮರದಡಿಯೇ ಕೊಳೆಯತೊಡಗಿತು.

ಆಗ ಜಮೀನುದಾರರು ಅರಳೀಕಟ್ಟೆಯಲ್ಲಿ ಸೇರಿ, ಕೂಲಿಗೊಂದು ಮಿತಿ ಹಾಕಲು ಹೊರಟರು. ಎಲ್ಲರೂ ಒಪ್ಪಿದರಷ್ಟೇ ನಿಲ್ಲುವ ಕಟ್ಟುಪಾಡು. ಒಪ್ಪಿದ್ದರೆ ದೊಡ್ಡಮ್ಮನ ತೋಟ ಉಳಿಯುತ್ತಿತ್ತು.

"ನಿಮ್ ತೋಟಕ್ಕೂ ಒಳ್ಳೇದೇ ಅಲ್ವೇನಕ್ಕಾ?" ಎಂದರೊಬ್ಬರು.

"ನಿನ್ ರೇಷ್ಮೆಗೂಡಿಗೆ ರೇಟ್ ಏರ್ದಾಗ ಯಾರಾದ್ರೂ ಮಿತಿ ಹಾಕುದ್ರಾ ತಮ್ಮಯ್ಯ? ಸೊಪ್ಪು ಕೊಯ್ಯೋ ಕೈಗ್ಮಾತ್ರ ಯಾಕೆ?" ಎಂದರು ದೊಡ್ಡಮ್ಮ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಬಾಯಿ ಕಟ್ಟುವ ವಾದಗಳನ್ನು ಎಷ್ಟೋ ಕೇಳಿದ್ದೇನೆ. ತನ್ನ ನಷ್ಟವನ್ನೇ ಪಣವಿಟ್ಟು ಆಡಿದ ಅಂಥ ಮಾತನ್ನು ಮಾತ್ರ ಮತ್ತೆ ಕೇಳಲಿಲ್ಲ. ಸಭೆ ಮುರಿಯಿತು.

ಮಳೆಗಾಲಕ್ಕೆ ಮುಂಚೆ, ತಾವೂ ಹಿಪ್ಪುನೇರಳೆ ಹಾಕಲೆಂದು, ದೊಡ್ಡಮ್ಮ ಸೀಬೆ ಕಡಿಸಿದರು. ಕಡಿದು ಸಾಗಿಸಲು ಅದೇ ಹೆಂಗಸರನ್ನು ಕರೆದರು, ರೇಷ್ಮೆಯವರು ಕೊಡುವ ಕೂಲಿಗೇ.

"ಒಂದ್ ಗಿಡನಾದ್ರೂ ಬುಡಿ ಗೌಡ್ತಮ್ಮ," ಎಂದಳೊಬ್ಬಳು.

"ಬುಟ್ರೆ ದಿನಾ ಅದ್ರ ಮುಂದೆ ಅಳ್ತಾ ಕುಂತ್ಕೋತೀನಿ. ಆಮೇಲೆ ಹುಳ ಮೇಯ್ಸೋರು ಯಾರು, ನಿನ್ ಗಂಡನಾ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು, ನಗುವಿಗೋ, ಮತ್ತಾವುದಕ್ಕೋ...

ಬಾವಿ ನೀರಿನ ಆ ತೋಟದ ನೆಲ ಹಿಪ್ಪುನೇರಳೆಯಾಯಿತು. ಹಣ್ಣಿನ ಆಸೆಯನ್ನು ಅವರು ಬಿಡಲಿಲ್ಲ. ಸಾವನದುರ್ಗದ ದಿಕ್ಕಿನ ತಮ್ಮ ಕಲ್ಲುಹೊಲದಲ್ಲಿ ಮಾವಿನ ಸಸಿ ನೆಟ್ಟರು. ವರ್ಷವಿಡೀ ಆಳು ಬೇಡದ, ಕಾಯಿ ಇಳಿಸುವಾಗ ಮಾತ್ರ ಜನ ಕೇಳುವ ಬೆಳೆ. ಆ ಕೆಲವು ದಿನಗಳಿಗೆ ಪೂರ್ತಿ ಕೂಲಿ ಕೊಡಲು ಅದಕ್ಕೆ ಸಾಧ್ಯವಿತ್ತು. ಹಣ್ಣು ಎಲ್ಲಿ ಬೆಳೆಯಬೇಕೆಂಬುದನ್ನು ಮಣ್ಣು, ನೀರುಗಳ ಜೊತೆಗೆ ದುಡಿಯುವವರ ನ್ಯಾಯವಾದ ಕೂಲಿಯೂ ನಿರ್ಧರಿಸಬೇಕೆಂದು ನಾನು ಇಂದಿಗೂ ವಾದಿಸುವುದು ಆ ಹೊಲವನ್ನು ಕಂಡಿರುವುದರಿಂದ.

ಮಾವು ಈಗಲೂ ಫಲ ಕೊಡುತ್ತಿದೆ. ದೊಡ್ಡಮ್ಮನಿಲ್ಲ. ಆ ಸೀಬೆಯ ರುಚಿಯೂ ಇಲ್ಲ...

"ಯಾವ ಊರಿನ ಹಣ್ಣಪ್ಪಾ?" ಎಂದು ಕೇಳಿದೆ ಗಾಡಿಯವನನ್ನು.

"ದೂರದ್ದು ಸಾ. ಲಾರೀಲಿ ಬತ್ತದೆ."

"ಕಿತ್ತವರಿಗೆ ಏನು ಕೊಡ್ತಾರಂತೆ?"

ಅವನು ನಕ್ಕ. "ಅದ್ನೆಲ್ಲಾ ಯಾರ್ ಕೇಳ್ತಾರೆ ಸಾ?"

ನಮ್ಮೂರಲ್ಲಿ ಕೇಳುವವರೊಬ್ಬರಿದ್ದರು.