ಮೀನಿಗೆ ಗಾಳಿ ಹೊಡೆದವರು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸೋಮವಾರಪೇಟೆ ಹತ್ತಿರ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಅಪ್ಪನಿಗೆ ಮನೆಯೊಳಗೆ ಸಮುದ್ರ ಸಾಕುವ ಹುಚ್ಚು ಹಿಡಿಯಿತು. ಹುಚ್ಚು ಅಂದರೆ ಹುಚ್ಚೇ. ಮಂಗಳೂರಿನಿಂದ ಲಾರಿಯಲ್ಲಿ ಹಾಲಿನ ಕ್ಯಾನುಗಳ ತುಂಬ ಸಮುದ್ರದ ನೀರು, ಹವಳದ ಕಲ್ಲು, ಎರಡು ಪಟ್ಟೆಮೀನು ತಂದು ಗಾಜಿನ ತೊಟ್ಟಿಗೆ ಬಿಟ್ಟರು. ಕರೆಂಟಿಲ್ಲದ ಮನೆ. ಲಾರಿ ಟ್ಯೂಬಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಅದು ಸಣ್ಣ ಕೊಳವೆಯಲ್ಲಿ ಗುಳುಗುಳು ಅಂತ ನೀರಿಗಿಳಿಯುವ ಹಾಗೆ ಮಾಡಿದರು. ಬಂದ ನೆಂಟರಿಗೆಲ್ಲ ಪಂಪು ಹೊಡೆದ ಮೇಲೆಯೇ ಕಾಫಿ.

"ಸಾರಿಗಾಗದ ಮೀನಿಗೆ ಇಷ್ಟೊಂದು ಉಪಚಾರ!" ಅಂತ ಅವ್ವ ಸಿಡುಕುತ್ತಿದ್ದಳು. ಪಂಪು ಮುಟ್ಟಿದವಳಲ್ಲ.

ಮಳೆಗಾಲದಲ್ಲಿ ಹೊಸ ನೀರು ತರಲು ಹೋದ ಅಪ್ಪ, ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿದ್ದರಿಂದ ವಾರವಿಡೀ ಮಂಗಳೂರಲ್ಲೇ ಉಳಿದರು. ನೆಂಟರೂ ಬರಲಿಲ್ಲ. ನನ್ನ ಪುಟ್ಟ ಕೈಗೆ ಆ ಪಂಪು ಬಗ್ಗುತ್ತಿರಲಿಲ್ಲ. ಮೀನು ಸತ್ತೇ ಹೋಗಿರುತ್ತವೆ ಎಂದುಕೊಂಡು ಬಂದ ಅಪ್ಪ ತೊಟ್ಟಿಯ ಮುಂದೆ ನಿಂತೇಬಿಟ್ಟರು. ಮೀನೆರಡೂ ಕಲ್ಲು ಸುತ್ತುತ್ತಿದ್ದವು. ಟ್ಯೂಬು ಡೋಲಿನ ಹಾಗೆ ಬಿಗಿದಿತ್ತು.

ಅವ್ವ ಹೆಗಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಏನಾಯಿತು ಅಂತ ಅಪ್ಪ ಕೇಳಿದ್ದಕ್ಕೆ, "ದೋಸೆಗೆ ರುಬ್ಬಿ ರುಬ್ಬಿ ನೋವು" ಅಂದಳು.

ಆ ವಾರವೆಲ್ಲ ನಾವು ಉಂಡದ್ದು ಗಂಜಿ.