ಅಕ್ಕನ ಮಿಂಚುಳ್ಳಿ, ನನ್ನ ಚೀನಿಕಾಯಿ

ನಾನು ಚಿಕ್ಕವನಿದ್ದಾಗ ನನಗೆ ಅಕ್ಕನ ಮೇಲೆ ವಿಪರೀತ ಹೊಟ್ಟೆಕಿಚ್ಚಿತ್ತು. ನನಗೆ ಒಂಬತ್ತು ವರ್ಷ, ಅವಳಿಗೆ ಹನ್ನೆರಡು. ಆ ವರ್ಷ ಮೂಡಬಿದಿರೆಯ ಚರ್ಚಿನ ಅಂಗಳದಲ್ಲಿ ಏಲಂ ಇತ್ತು. ಮನೆಯಲ್ಲಿ ಬೆಳೆದದ್ದನ್ನೋ ಕೈಯಾರೆ ಮಾಡಿದ್ದನ್ನೋ ಜನ ತಂದು ಕೊಡುತ್ತಿದ್ದರು. ಅದನ್ನು ಕೂಗಿ ಮಾರಿ, ಬಂದ ದುಡ್ಡಿನಲ್ಲಿ ಅನಾಥ ಮಕ್ಕಳಿಗೆ ಅಕ್ಕಿ, ಬಟ್ಟೆ ತರುತ್ತಿದ್ದರು.

ನಾನು ಒಂದು ಚೀನಿಕಾಯಿ, ಅಂದರೆ ಸಿಹಿಗುಂಬಳ, ಬೆಳೆಸಿದ್ದೆ. ಅಕ್ಕ ಬಿಳಿಯ ಮೇಜಿನ ಬಟ್ಟೆಯ ಮೇಲೆ ನೀಲಿ ನೂಲಿನಿಂದ ಮಿಂಚುಳ್ಳಿ ಹಕ್ಕಿಯ ಕಸೂತಿ ಹಾಕಿದ್ದಳು. ನಮ್ಮೂರು ಪುತ್ತಿಗೆಯಿಂದ ನಾವು ನಡೆದೇ ಹೊರಟೆವು. ಅಪ್ಪ ಆ ಬಟ್ಟೆಯನ್ನು ಬಾಳೆಲೆಯಲ್ಲಿ ಸುತ್ತಿ, ಎಳೆಮಗುವಿನ ಹಾಗೆ ಎದೆಗೆ ಹಿಡಿದುಕೊಂಡರು. ನನ್ನ ಕಾಯಿ ನನ್ನ ತಲೆಯ ಮೇಲೆಯೇ ಬಂತು. ದಾರಿಯುದ್ದಕ್ಕೂ ನನ್ನ ಕುತ್ತಿಗೆ ನೋಯುತ್ತಿತ್ತು, ಕಣ್ಣು ಮಾತ್ರ ಆ ಬಾಳೆಲೆಯ ಮೇಲಿತ್ತು.

ಅಂಗಳದಲ್ಲಿ ಗೋಳಿಬಜೆ ಕರಿಯುವ ಎಣ್ಣೆಯ ವಾಸನೆ, ಕಾಫಿಯ ಹಬೆ, ಬುಟ್ಟಿಯಲ್ಲಿ ಕೂಗುವ ಕೋಳಿಗಳು. ಅಕ್ಕನ ಬಟ್ಟೆಯನ್ನು ಮೇಜಿನ ಮೇಲೆ ಹರಡಿದರು. ಹೆಂಗಸರು ಬೆರಳು ತಾಗಿಸಿ, "ಎಷ್ಟು ಚೆಂದ ಉಂಟು!" ಎಂದರು. ನನ್ನ ಚೀನಿಕಾಯಿ ಮಾವಿನ ಮರದ ಬುಡದಲ್ಲಿ, ಬೈಹುಲ್ಲಿನ ಮೇಲೆ, ಹತ್ತು ಕಾಯಿಗಳ ನಡುವೆ ಕೂತಿತ್ತು. ಅದನ್ನು ಯಾರೂ ಮುಟ್ಟಲಿಲ್ಲ.

ಜನರೆಲ್ಲ ಕಾಫಿಗೆ ಹೋದಾಗ ನಾನು ಆ ಬಟ್ಟೆಯನ್ನು ತೆಗೆದು ನನ್ನ ಕಾಯಿಯ ಅಡಿಯ ಹುಲ್ಲಿಗೆ ತುರುಕಿದೆ.

ಏಲಂ ಕೂಗುವವರು ಬಟ್ಟೆಯನ್ನು ಕೇಳಿದಾಗ ಅದು ಸಿಗಲಿಲ್ಲ. ಅಕ್ಕ ಹೊಸ ಲಂಗದಲ್ಲೇ ಮಂಡಿಯೂರಿ ಮೇಜುಗಳ ಅಡಿಯಲ್ಲೆಲ್ಲ ಹುಡುಕಿದಳು. ನನಗೆ ಖುಷಿಯಾಯಿತು. ಆದರೆ ಬಾಯಲ್ಲಿದ್ದ ಗೋಳಿಬಜೆ ನುಂಗುವಷ್ಟರಲ್ಲಿ ಆ ಖುಷಿ ಮುಗಿದುಹೋಯಿತು. ಅಷ್ಟರಲ್ಲಿ ಯಾರೋ ನನ್ನ ಚೀನಿಕಾಯಿಯನ್ನು ಎತ್ತಿದರು. ಅಡಿಯಲ್ಲಿ ಮಿಂಚುಳ್ಳಿ ಇಣುಕಿತು.

ಅಪ್ಪ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ನಾನೇ ಇಟ್ಟದ್ದು ಅಪ್ಪ, ಗಾಳಿಗೆ ಹಾರ್ತದೆ ಅಂತ" ಎಂದಳು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಇನ್ನಷ್ಟು ಉರಿಯಿತು. ಒಳ್ಳೆಯವಳಾಗುವುದರಲ್ಲೂ ಅವಳೇ ಮುಂದೆ. ಹುಲ್ಲು ಕೊಡವಿದ ಬಟ್ಟೆಯನ್ನು ಒಬ್ಬರು ಟೀಚರು ಕೊಂಡರು.

ಹಿಂದಿರುಗುವಾಗ ನಾನು ಅವಳನ್ನು ಕೇಳಿದೆ, "ಯಾಕೆ ಸುಳ್ಳು ಹೇಳಿದೆ?"

"ನೀನು ಮಾಡಿದ ಹಾಗೆ ನಾನೂ ಮಾಡ್ಲಿಕ್ಕಿದ್ದೆ" ಎಂದಳು ಅಕ್ಕ. "ದಿನಾ ಬೆಳಿಗ್ಗೆ ಅಪ್ಪ ನಿನ್ನ ಬಳ್ಳಿಗೆ ನೀರು ಹಾಕಲಿಕ್ಕೆ ಹೋಗ್ತಿದ್ದರು. ನನ್ನ ಹೊಲಿಗೆಯ ಹತ್ತಿರ ಒಂದು ದಿನವೂ ಕೂತದ್ದಿಲ್ಲ. ಬಳ್ಳಿ ಕಿತ್ತು ಹಾಕುವ ಅಂತ ನಾನು ಎರಡು ಸಲ ಹೋಗಿದ್ದೆ."

ನನ್ನ ಮೇಲೂ ಯಾರಾದರೂ ಹೊಟ್ಟೆಕಿಚ್ಚು ಪಡಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಓಡಿಹೋಗಿ, ಮುಂದೆ ನಡೆಯುತ್ತಿದ್ದ ಅಪ್ಪನಿಗೆ ಎಲ್ಲವನ್ನೂ ಹೇಳಿಬಿಟ್ಟೆ, ಅಕ್ಕ ಹೇಳಿದ್ದನ್ನೂ ಸೇರಿಸಿ. ಅಪ್ಪ ಬೈಯಲಿಲ್ಲ. ಮರುದಿನ ಸಂಜೆ ಅಕ್ಕನ ಪಕ್ಕದಲ್ಲಿ ಕೂತು, ಸಿಕ್ಕುಬಿದ್ದ ನೂಲು ಬಿಡಿಸಿ ಕೊಟ್ಟರು. ಜಗಲಿಯಿಂದ ನೋಡುತ್ತಿದ್ದ ನನಗೆ ಮತ್ತೆ ಹೊಟ್ಟೆ ಉರಿಯಿತು. ಸ್ವಲ್ಪವೇ.

ಮೊಮ್ಮಕ್ಕಳೇ, ಈಗ ನಿಮ್ಮ ಶಾಲೆಯವರು ಯಾರಿಗಾದರೂ ಸಹಾಯ ಮಾಡಿ ಎಂದರೆ ನಿಮ್ಮಪ್ಪ ಫೋನಿನಿಂದ ದುಡ್ಡು ಕಳಿಸುತ್ತಾನೆ, ಅಲ್ಲಿಗೆ ಮುಗಿಯಿತು. ತಲೆಯ ಮೇಲೆ ಹೊರುವುದೂ ಇಲ್ಲ, ಯಾರದು ಚೆಂದ ಎಂದು ನೋಡುವುದೂ ಇಲ್ಲ. ಆದರೆ ನಿನ್ನೆ ನಿಮ್ಮ ತಂಗಿ ಬಿಡಿಸಿದ ಚಿತ್ರವನ್ನು ಗೋಡೆಗೆ ಅಂಟಿಸುವಾಗ ನಿಮ್ಮಲ್ಲಿ ಒಬ್ಬನ ಮುಖ ನೋಡಿದೆ. ಯಾರು ಎಂದು ಹೇಳುವುದಿಲ್ಲ. ಆ ಮುಖ ನನಗೆ ಬಹಳ ವರ್ಷಗಳಿಂದ ಗೊತ್ತು.